ಕೆಂಪು ಸೈಕಲ್ಲಿನ ಸವಾರ

ಆಭರಣ ರಿಪೇರಿಯವನು ಊಟ ಮುಗಿಸಿ ಬಂದಾಗ ಅಂಗಡಿಯ ಬೀಗ ಮುರಿದಿತ್ತು. ಗಿರಾಕಿಯ ವಜ್ರದುಂಗುರ ಮಾಯವಾಗಿತ್ತು. ಎದುರಿನ ಹೂವಿನವಳು ಕಂಡದ್ದು ಇಷ್ಟೇ: ಹೆಲ್ಮೆಟ್ ಹಾಕಿದ ಗಂಡಸೊಬ್ಬ ಕೆಂಪು ಎಲೆಕ್ಟ್ರಿಕ್ ಸೈಕಲ್ ಹತ್ತಿ ಹೋದ.

ಆ ಬೀದಿಯಲ್ಲಿ ಕೆಂಪು ಸೈಕಲ್ ಒಂದೇ. ಅದು ಮೂಲೆಯಂಗಡಿಯ ಟೈಲರನದು. ಅವನ ಎತ್ತರ ನೋಡಿ ಊರೆಲ್ಲ ಅವನನ್ನು ಏಣಿ ಎನ್ನುತ್ತಿತ್ತು.

*

ಇನ್ಸ್‌ಪೆಕ್ಟರಮ್ಮ ವಿಚಾರಣೆಗೆ ಬಂದಾಗ ಹೊಲಿಗೆ ಅಂಗಡಿಯಲ್ಲಿ ಏಣಿ, ಅವನ ಹೆಂಡತಿ, ಅವಳ ಗಿಡ್ಡ ತಮ್ಮ ಇದ್ದರು.

"ಊಟ ಆದ್ಮೇಲೆ ಮಲಗಿದ್ದೆ ಮೇಡಂ," ಎಂದ ಏಣಿ. "ಸೈಕಲ್ ಹೊರಗಿತ್ತು. ಬ್ಯಾಟರಿ ಬಿಚ್ಚಿ ಇಲ್ಲೇ ಚಾರ್ಜಿಗೆ ಹಾಕಿದ್ದೆ. ಬ್ಯಾಟರಿ ಇಲ್ದೆ ಹೇಗೆ ಹೋಗ್ಲಿ?"

"ಪೆಡಲ್ ಇದೆಯಲ್ಲ?" ಎಂದರು ಇನ್ಸ್‌ಪೆಕ್ಟರಮ್ಮ.



ಬಾಮೈದ ನಕ್ಕ. "ಅದಕ್ಕೇ ಭಾವನಿಗೆ ಬಡ್ಕೊಂಡೆ, ನನ್ನ ಹಾಗೆ ನಿಂತ್ಕೊಂಡು ಓಡ್ಸೋ ಸ್ಕೂಟರ್ ತಗೊಳ್ಳಿ ಅಂತ. ಮಡಚಿ ಮೇಜಿನ ಕೆಳಗೆ ತಳ್ಳಿದ್ರೆ ಆಯ್ತು. ಚಾರ್ಜ್ ಮುಗಿದ್ರೆ ಮಾತ್ರ ಕಷ್ಟ. ಇವತ್ತು ಅದೂ ಆಗಿದೆ. ನಾನೆಲ್ಲಿಗೆ ಹೋಗೋಕಾಗುತ್ತೆ?"

ಕೇಳದ ಪ್ರಶ್ನೆಗೆ ಉತ್ತರ ಕೊಡುವವರನ್ನು ಕಂಡರೆ ಇನ್ಸ್‌ಪೆಕ್ಟರಮ್ಮನಿಗೆ ಆಗದು. ಆದರೂ ಸಾಕ್ಷಿ ಏಣಿಯ ಕಡೆಗೇ ಬೆರಳು ತೋರುತ್ತಿತ್ತು.

"ಸೈಕಲ್ ಕೀ?"

"ಒಂದು ನನ್ನ ಜೇಬಲ್ಲಿ. ಇನ್ನೊಂದು ಮನೇಲಿ, ಮೊಳೆಗೆ ನೇತುಹಾಕಿದೆ."

"ಅಲ್ಲೇ ಇದೆಯೇನಮ್ಮಾ?"

"ಹೂಂ," ಎಂದಳು ಹೆಂಡತಿ, ಗುಂಡಿ ಹೊಲಿಯುತ್ತಲೇ. ಅವಳು ತಲೆ ಎತ್ತಲಿಲ್ಲ.

*

"ಸ್ಟೇಷನ್ನಿಗೆ ನಡೀರಿ. ಸೈಕಲ್ಲೂ ಬೇಕು, ಹತ್ತಿ."

ಏಣಿ ಹತ್ತಿದ. ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಮೊಮ್ಮಗನ ಸೈಕಲ್ ಏರಿದ ತಾತನ ಹಾಗೆ ಕಂಡ.

"ಸೀಟು ಇಳಿಸಿದ್ದು ಯಾರು?"

"ಗೊತ್ತಿಲ್ಲ ಮೇಡಂ. ಬೆಳಿಗ್ಗೆ ಸರಿಯಾಗೇ ಇತ್ತು."

ಬಾಮೈದ ಸ್ಕೂಟರನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದಿದ್ದ. ಇನ್ಸ್‌ಪೆಕ್ಟರಮ್ಮ ಅವನತ್ತ ತಿರುಗಿದರು.

"ಪೆಡಲಿಗೆ ಕಾಲು ಎಟುಕದೆ ಕಳ್ಳ ಸೀಟು ಇಳಿಸಿದ. ವಾಪಸ್ ಏರಿಸೋದು ಮರೆತ. ದಿನಾ ನಿಂತೇ ಓಡಾಡೋನಿಗೆ ಸೀಟಿನ ನೆನಪೆಲ್ಲಿ? ಚಾರ್ಜಿಲ್ಲದ ಸ್ಕೂಟರ್ ಯಾಕಪ್ಪಾ ಹೊತ್ಕೊಂಡು ಬಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಮೈದ ಸ್ಕೂಟರಿನ ಹಿಡಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡ. ಇನ್ಸ್‌ಪೆಕ್ಟರಮ್ಮ ಅವನ ಕೈ ಸರಿಸಿ ಹಿಡಿಯ ರಬ್ಬರ್ ಎಳೆದರು. ಕೊಳವೆಯೊಳಗಿಂದ ಉಂಗುರ ಬಿತ್ತು.

"ಅಕ್ಕಾ, ನಾನಲ್ಲ ಅಂತ ಹೇಳೇ!"

ಅಕ್ಕ ಬಾಗಿಲಿಗೆ ಬಂದಳು. "ಮೊಳೆಯಲ್ಲಿದ್ದ ಕೀ ಬೆಳಿಗ್ಗೆ ಕೇಳಿದ. ನಾನೇ ಕೊಟ್ಟೆ ಮೇಡಂ."

ಏಣಿ ಸೈಕಲ್ಲಿನಿಂದ ಇಳಿದ.

"ನನ್ನನ್ನ ಹಿಡ್ಕೊಂಡು ಹೋಗ್ತಿದ್ರಲ್ಲೇ. ಆಗ ಯಾಕೆ ಹೇಳ್ಲಿಲ್ಲ?"

ಅವಳು ತಮ್ಮನನ್ನೇ ನೋಡುತ್ತ ನಿಂತಿದ್ದಳು.