ತಣ್ಣನೆಯ ಎಂಜಿನ್, ಬೆಚ್ಚನೆಯ ಸುಳ್ಳು

“ನನ್ನ ಕೆಲಸ ಸರಿ ಇಲ್ಲ ಅಂತ ಟೀಚರಿಗೆ ಹೇಳಿದ್ದು ನೀವೇನಾ?”

ವೆಲ್ಡಿಂಗ್ ಅಂಗಡಿಯವನು ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜನ್ನು ಇಳಿಸಿದ. ಬಾಗಿಲಲ್ಲಿ ಎದುರು ಗ್ಯಾರೇಜಿನ ಹುಡುಗಿ! ಕೈಯಲ್ಲಿ ಕಾರ್ಬುರೇಟರ್, ಮೂಗಿನ ತುದಿಯಲ್ಲಿ ಸಿಟ್ಟು.

ಅವನು ಈ ಬೀದಿಗೆ ಬಂದು ಎರಡು ತಿಂಗಳಾಗಿತ್ತು. ಅಂದಿನಿಂದಲೂ ಅವಳನ್ನು ಮಾತಾಡಿಸಲು ಒಂದು ನೆಪ ಹುಡುಕುತ್ತಿದ್ದ. ನೆಪವೇನೋ ತಾನಾಗಿಯೇ ನಡೆದು ಬಂದಿತ್ತು. ಆದರೆ ಅವನು ಕೇಳಿಕೊಂಡಿದ್ದು ಇಂಥದ್ದನ್ನಲ್ಲ, ಪಾಪ.

“ಪೈಪಲ್ಲಿ ಲೀಕ್ ಇಲ್ಲ, ಕಾರ್ಬುರೇಟರ್ ತೋರಿಸಿ ಅಂದೆ, ಅಷ್ಟೇ ರೀ…”

“ಇದನ್ನ ಮೂರು ಸಲ ಬಿಚ್ಚಿ ಕೂರಿಸಿದ್ದೀನಿ. ನಿಮ್ಮ ಪೈಪನ್ನ ನೀವು ಎಷ್ಟು ಸಲ ಬಿಚ್ಚಿದ್ರಿ?”

ಉತ್ತರಕ್ಕೂ ಕಾಯದೆ ಹೊರಟೇ ಹೋದಳು.

ಜಗಳಕ್ಕೆ ಕಾರಣ ಟೀಚರ್ ಕಾರು. ಟೀಚರ್ ರಿಟೈರ್ ಆಗಿ ವರ್ಷಗಳೇ ಕಳೆದಿದ್ದವು, ಕಾರಿಗೆ ಅವರಷ್ಟೇ ವಯಸ್ಸು. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಹಳೇ ಎಂಜಿನ್. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನೇರಿ ಗುಡ್ಡದಾಚೆಯ ತಂಗಿಯ ಮನೆಗೆ ಹೋಗುವುದು ಟೀಚರ್ ಬದುಕಿನ ದೊಡ್ಡ ಸಂತೋಷ. ತಿಂಗಳ ಹಿಂದೆ ಅದರ ಹಳೇ ಹೊಗೆ ಪೈಪು ಬಿರುಕು ಬಿಟ್ಟಿತು. ವೆಲ್ಡಿಂಗಿನವನು ಥಳಥಳ ಹೊಳೆಯುವ ಹೊಸದೊಂದನ್ನು ಮಾಡಿ ಹಾಕಿದ. ಅದೇ ವಾರ ನಮ್ಮ ಹುಡುಗಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರನ್ನು ಸ್ವಚ್ಛ ಮಾಡಿಕೊಟ್ಟಳು.

ಅಲ್ಲಿಂದ ಶುರುವಾಯಿತು ಗ್ರಹಚಾರ. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಒಮ್ಮೆ ಮುಗ್ಗರಿಸಿ, ಉಸಿರು ಕಟ್ಟಿದಂತಾಗಿ, ಆಮೇಲೆ ಓಡುತ್ತಿತ್ತು. ಹೋದ ಭಾನುವಾರ ನಾಲ್ಕು ರಸ್ತೆ ಕೂಡುವಲ್ಲಿ ನಟ್ಟನಡುವೆ ಮುಗ್ಗರಿಸಿತು. ಎದುರಿಗೆ ಲಾರಿ! ಟೀಚರ್ ಬದುಕಿದ್ದೇ ಹೆಚ್ಚು.

ಬೀದಿಯವರೆಲ್ಲ ಆ ಹುಡುಗಿಯನ್ನು ಕಾರ್ಬುರೇಟರ್ ಡಾಕ್ಟ್ರು ಎನ್ನುತ್ತಿದ್ದರು. ಹತ್ತನೇ ವಯಸ್ಸಿನಿಂದ ಅಪ್ಪ ಕಲಿಸಿದ ವಿದ್ಯೆ ಅದು. ಅಪ್ಪನ ಕಣ್ಣು ಮಂಜಾದ ಮೇಲೆ ಗ್ಯಾರೇಜಿನ ಕೆಲಸದ ಮೇಜು ಅವಳದೇ ಆಗಿತ್ತು. ಆ ಲಾರಿಯ ಸುದ್ದಿ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ.

“ಈ ಭಾನುವಾರಾನೂ ಕಾರು ಮುಗ್ಗರಿಸಿದ್ರೆ ನಾನು ಅತ್ತೆ ಊರಿಗೆ ಹೋಗಿ ಅವರ ಬಟ್ಟೆ ಅಂಗಡಿ ನೋಡ್ಕೋತೀನಿ ಅಪ್ಪ. ಕಾಯಿಲೆ ಗೊತ್ತಾಗದ ಡಾಕ್ಟ್ರು ಯಾರಿಗೆ ಬೇಕು?”

ದುಡುಕಬೇಡ ಮಗಳೇ ಎಂದು ಅಪ್ಪ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

ಗೋಡೆಗೂ ಕಿವಿ ಇರುತ್ತದಂತೆ. ಗ್ಯಾರೇಜಿಗೆ ಗೋಡೆಗಳೇ ಕಡಿಮೆ. ಸಂಜೆಯೊಳಗೆ ಮಾತು ವೆಲ್ಡಿಂಗಿನವನ ಕಿವಿಗೆ ಬಿತ್ತು. ಹೋಗಿಬಿಡುತ್ತಾಳಾ? ನನ್ನ ಒಂದು ಮಾತಿನಿಂದ? ಅವನು ಶುಕ್ರವಾರ ನೆಟ್ಟಗೆ ಟೀಚರ್ ಮನೆಗೆ ಹೋಗಿ, ತಪ್ಪು ಕಾರ್ಬುರೇಟರಿನದಲ್ಲ, ನನ್ನ ಪೈಪಿನದು ಎಂದುಬಿಟ್ಟ. ಏನು ತಪ್ಪು ಎಂದು ಟೀಚರ್ ಕೇಳಿದರು. ಹಸಿ ಸುಳ್ಳು ಹೇಳಿದವನಿಗೆ ಏನು ಗೊತ್ತಿರುತ್ತದೆ?

ಶನಿವಾರ ಬೆಳಿಗ್ಗೆ ಮೈ ಕೊರೆಯುವ ಚಳಿ. ಅವಳು ಗ್ಯಾರೇಜಿನಲ್ಲಿದ್ದ ಟೀಚರ್ ಕಾರು ಚಾಲೂ ಮಾಡಿ ಬಾನೆಟ್ ಎತ್ತಿ ನಿಂತಳು. ಮುಗ್ಗರಿಸಿತು. ಮತ್ತೆ ಮುಗ್ಗರಿಸಿತು. ಆದರೆ ನಿನ್ನೆ ಮಧ್ಯಾಹ್ನ ಬಿಸಿಲಲ್ಲಿ ಬೆಣ್ಣೆಯಂತೆ ಓಡಿತ್ತಲ್ಲ… ಕಾರ್ಬುರೇಟರಿನ ಜೆಟ್ಟೋ ಪಂಪೋ ಕೆಟ್ಟಿದ್ದರೆ ಮಧ್ಯಾಹ್ನ ಹೇಗೆ ಸರಿಹೋಗುತ್ತದೆ?

ಕಾರ್ಬುರೇಟರ್ ಕೆಳಗಿನ, ಪೆಟ್ರೋಲು-ಗಾಳಿ ಎಂಜಿನ್ನಿಗೆ ಹೋಗುವ ಇನ್‌ಟೇಕ್ ಪೈಪಿನ ಮೇಲೆ ಕೈಯಿಟ್ಟಳು. ಎಂಜಿನ್ ಹತ್ತು ನಿಮಿಷ ಓಡಿದೆ, ಪೈಪು ಮಾತ್ರ ಮಡಕೆ ನೀರಿನಷ್ಟು ತಣ್ಣಗಿದೆ! ಮೇಲೆ ಹನಿ ಕೂಡ ಕಟ್ಟಿದೆ.

ಅವಳಿಗೆ ಎಲ್ಲ ಹೊಳೆಯಿತು. ಪೆಟ್ರೋಲು ಆವಿಯಾಗಿ ಎಂಜಿನ್ನಿಗೆ ಹೋಗಬೇಕು. ಪೈಪು ತಣ್ಣಗಿದ್ದರೆ ಅದು ಹನಿಯಾಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಬರೀ ಗಾಳಿ ಮುಂದೆ ಓಡುತ್ತದೆ. ಬಿಸಿ ಹೊಗೆ ಹೋಗುವ ಆ ಹಳೇ ಕರಿ ಪೈಪು ಇನ್‌ಟೇಕಿನ ತಳಕ್ಕೇ ಅಂಟಿಕೊಂಡು ಅದನ್ನು ಬೆಚ್ಚಗಿಡುತ್ತಿತ್ತು. ಹೊಸ ಸುಂದರಾಂಗ ಪೈಪು ಗೇಣು ದೂರದಲ್ಲಿ ಹಾದುಹೋಗುತ್ತಿತ್ತು.

ನನ್ನ ಕೈ ತಪ್ಪು ಮಾಡಿಲ್ಲ! ಅವಳಿಗೆ ಕುಣಿಯುವಷ್ಟು ಖುಷಿ. ಮರುಕ್ಷಣವೇ, ಇದನ್ನು ಕೇಳಿದರೆ ಅವನಿಗೆ ಎಷ್ಟು ನೋವಾಗುತ್ತದೋ ಎನಿಸಿತು. ಅವನಿಗೆ ನೋವಾದರೆ ನನಗೇನು? ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಅದಕ್ಕೇ ಕೆನ್ನೆ ಬಿಸಿಯಾಯಿತು.

ಅಷ್ಟರಲ್ಲಿ ಟೀಚರ್ ಬಂದರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಆ ಹುಡುಗ ನಿನ್ನೆಯೇ ಬಂದು ಒಪ್ಪಿಕೊಂಡನಲ್ಲಮ್ಮ ಎಂದರು.

ಹಾಗಾದರೆ ಅವನಿಗೆ ಗೊತ್ತಿತ್ತು! ಗೊತ್ತಿದ್ದೂ ನನ್ನ ಕೈಲಿ ಮೂರು ಸಲ ಬಿಚ್ಚಿಸಿ ತಮಾಷೆ ನೋಡಿದನಾ?

ಒಂದೇ ಉಸಿರಿಗೆ ರಸ್ತೆ ದಾಟಿದಳು. ಈ ಸಲ ಸಿಟ್ಟಿನ ಜೊತೆ ಕಣ್ಣೀರೂ ಇತ್ತು.

“ಪೈಪಿಂದೇ ತಪ್ಪು ಅಂತ ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?”

“ನಂಗೇನೂ ಗೊತ್ತಿರಲಿಲ್ಲ ರೀ. ಸುಳ್ಳು ಹೇಳಿದೆ.”

“ಸುಳ್ಳಾ? ಯಾಕೆ?”

ಅವನು ತಲೆ ತಗ್ಗಿಸಿದ. “ನೀವು ಊರು ಬಿಟ್ಟು ಹೋಗ್ತೀರಂತ ಕೇಳ್ದೆ. ತಪ್ಪು ನನ್ನ ತಲೆ ಮೇಲಿದ್ರೆ ನೀವು ಇಲ್ಲೇ ಇರ್ತೀರಲ್ವಾ… ಅದಕ್ಕೆ.”

ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅವನ ಮಣಿಕಟ್ಟು ಹಿಡಿದು ರಸ್ತೆಯಾಚೆ ಎಳೆದುಕೊಂಡು ಹೋಗಿ, ಅವನ ಅಂಗೈಯನ್ನು ಆ ತಣ್ಣನೆಯ ಪೈಪಿನ ಮೇಲಿಟ್ಟಳು.

“ನೀವು ಹೇಳಿದ ಸುಳ್ಳು ನಿಜ ಕಣ್ರೀ.”

ವಿಷಯ ತಿಳಿದಾಗ ಅವನ ಮುಖ ಸಣ್ಣದಾಯಿತು. ಕ್ಷಮೆ ಕೇಳಲು ಹೊರಟವನನ್ನು ಅವಳು ಮಾತಾಡಗೊಡಲಿಲ್ಲ, ಮೊದಲು ಕೆಲಸ ಎಂದಳು. ಇನ್‌ಟೇಕಿನ ತಳದಲ್ಲಿ ಹಳೇ ಪೈಪು ಕೂರುತ್ತಿದ್ದ ಜಾಗಕ್ಕೆ ಅವನೇ ಒಂದು ತಗಡು ಮುಚ್ಚಿದ್ದ. ಅದನ್ನು ತೆಗೆದು, ಅಲ್ಲಿಗೆ ಒಂದು ಟೊಳ್ಳು ಉಕ್ಕಿನ ಪೆಟ್ಟಿಗೆ ಕೂರಿಸಿ, ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿದು ವಾಪಸು ಹೋಗುವಂತೆ ರಬ್ಬರ್ ಹೋಸು ಜೋಡಿಸುವುದು ಅವಳ ಯೋಚನೆ. ಅಳತೆ ಅವಳದು, ಬೆಸುಗೆ ಅವನದು. ಮೊದಲನೇ ಪೆಟ್ಟಿಗೆ ಸೋರಿ ಇಬ್ಬರ ಬಟ್ಟೆಯೂ ನೆನೆಯಿತು. ಎರಡನೆಯದು ಸೋರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕುಳಿತು ಬರೀ ಅವರ ದನಿ ಕೇಳುತ್ತಾ ಮೀಸೆಯಲ್ಲೇ ನಗುತ್ತಿದ್ದರು.

ಭಾನುವಾರ ಬೆಳಿಗ್ಗೆ, ಅದೇ ಚಳಿ. ಎಂಜಿನ್ ಐದಾರು ನಿಮಿಷ ಓಡಿದ ಮೇಲೆ ಟೀಚರ್ ಸ್ಟೀರಿಂಗ್ ಹಿಡಿದರು. ಇವರಿಬ್ಬರೂ ಹಿಂದಿನ ಸೀಟಿನಲ್ಲಿ. ನಾಲ್ಕು ರಸ್ತೆ ಕೂಡುವ ಜಾಗ ಬಂತು. ಟೀಚರ್ ಒಮ್ಮೆ ಉಸಿರೆಳೆದುಕೊಂಡು ಆಕ್ಸಿಲರೇಟರ್ ಒತ್ತಿದರು.

ಅವಳು ಕಣ್ಣು ಮುಚ್ಚಿಕೊಂಡಳು.

ಕಾರು ಒಂದಿಷ್ಟೂ ತಡವರಿಸದೆ ಆಚೆ ಬದಿಗೆ ಹೋಗಿತ್ತು. ಟೀಚರ್ ಚಪ್ಪಾಳೆ ತಟ್ಟುವುದೊಂದು ಬಾಕಿ. ಇಬ್ಬರನ್ನೂ ಅಲ್ಲೇ ಇಳಿಸಿ, ನಡೆದುಕೊಂಡು ಮನೆಗೆ ಹೋಗಿ ಎಂದು ಬೇಕೆಂದೇ ಆಜ್ಞೆ ಮಾಡಿ ಗುಡ್ಡದ ಕಡೆ ಹೊರಟೇಬಿಟ್ಟರು.

ಇಬ್ಬರೂ ಮನೆಯ ಕಡೆ ನಡೆದರು.

“ಅತ್ತೆ ಊರಿಗೆ…?” ಅವನು ಮೆಲ್ಲಗೆ ಕೇಳಿದ.

“ಬರಲ್ಲ ಅಂತ ನಿನ್ನೆ ಸಂಜೇನೇ ಫೋನ್ ಮಾಡಿ ಹೇಳ್ದೆ.”

“ನಿನ್ನೇನಾ? ಕಾರು ಸರಿಹೋಗಿದ್ಯೋ ಇಲ್ವೋ ಅಂತ ಇನ್ನೂ ಗೊತ್ತೇ ಇರಲಿಲ್ಲವಲ್ಲ!”

“ಕಾರಿನ ವಿಷಯ ಗೊತ್ತಿರಲಿಲ್ಲ,” ಎಂದಳು ಅವಳು, ಅವನ ಕಡೆ ನೋಡದೆ. “ನನ್ನ ವಿಷಯ ಗೊತ್ತಾಗಿತ್ತು.”

ಅವನು ನಡುರಸ್ತೆ ಎನ್ನುವುದನ್ನೂ ಮರೆತು ನಿಂತುಬಿಟ್ಟ. “ನಂಗೆ ನೀವಂದ್ರೆ ತುಂಬಾ ಇಷ್ಟ ರೀ. ಈ ಬೀದಿಗೆ ಬಂದ ದಿನದಿಂದ.”

“ಇದನ್ನ ಅಪ್ಪನ ಹತ್ರಾನೂ ಹೇಳ್ತೀರಾ?”

“ಹೇಳ್ತೀನಿ… ಆದ್ರೆ ಹೆದರಿಕೆ ಆಗುತ್ತೆ.”

ಅವಳು ಅವನ ಕೈ ಹಿಡಿದುಕೊಂಡಳು.

“ಬನ್ನಿ. ಪಕ್ಕದಲ್ಲಿ ನಾನು ನಿಂತಿರ್ತೀನಿ.”