ಕಪ್ತಾನ ಕುಡಿದ ಕಾಫಿ

"ಇವನು ಕಪ್ತಾನ ಅಲ್ಲ, ಕೊಲೆಗಾರ."

ಅವನು ಅವಳೊಡನೆ ಆಡಿದ ಮೊದಲ ಮಾತೇ ಇದು. ಹಳೆಯ ಟೀವಿ ಧಾರಾವಾಹಿಗಳ ಟೇಪುಗಳಿಗೆ ಜೀವ ತುಂಬುತ್ತಿದ್ದ ಅವನನ್ನು ಆಫೀಸಿನಲ್ಲಿ ಎಲ್ಲರೂ ಟೇಪ್ ಡಾಕ್ಟರ್ ಎನ್ನುತ್ತಿದ್ದರು. ಅವಳು ಅದೇ ಕೋಣೆಗೆ ಪಾತ್ರಗಳ ಮಾತಿಗೆ ಅಡಿಬರಹ ಟೈಪ್ ಮಾಡಲು ಬಂದವಳು.

ಪರದೆಯ ಮೇಲೆ ನಲವತ್ತು ವರ್ಷ ಹಳೆಯ ಧಾರಾವಾಹಿಯೊಂದರ ಆಕಾಶನೌಕೆ. ಬೆಂಕಿ ಬಿದ್ದ ವಿಭಾಗದ ಬಾಗಿಲನ್ನು ಕಪ್ತಾನ ಮುಚ್ಚಿಸುತ್ತಾನೆ. ಒಳಗೆ ಹನ್ನೊಂದು ಜನ, ಹೊರಗೆ ಮುನ್ನೂರು.

"ಉಳಿದವರನ್ನ ಉಳಿಸೋಕಲ್ವಾ?" ಎಂದಳು.

"ಇರಬಹುದು. ಆದ್ರೆ ಮರುಕ್ಷಣವೇ ಕಾಫಿ ಕುಡೀತಾನೆ ನೋಡಿ. ಎದೆಯಲ್ಲಿ ಏನಾದ್ರೂ ಇದ್ದಿದ್ರೆ ಗಂಟಲಲ್ಲಿ ಇಳೀತಿತ್ತಾ?"

ಅವಳ ಬೆರಳುಗಳು ಕೀಲಿಮಣೆಯ ಮೇಲೆಯೇ ನಿಂತವು.

ಆರು ತಿಂಗಳ ಹಿಂದೆ ಅಮ್ಮನ ಉಸಿರಾಟದ ಯಂತ್ರ ನಿಲ್ಲಿಸಲು ಸಹಿ ಹಾಕಿದ್ದು ಅವಳೇ. ಇನ್ನು ಆಸೆಯಿಲ್ಲ ಎಂದಿದ್ದರು ವೈದ್ಯರು. ಸಹಿ ಹಾಕಿ, ಹೊರಗೆ ಬಂದು, ಕಾಫಿ ಕುಡಿದಿದ್ದಳು. ಅಳು ಬರಲಿಲ್ಲ. ಅಂದಿನಿಂದ ಏನೂ ಬಂದಿಲ್ಲ... ಹಸಿವೂ ಇಲ್ಲ, ನಗುವೂ ಇಲ್ಲ.

'ಹಾಗಾದರೆ ನಾನೂ ಅದೇ' ಎಂದುಕೊಂಡಳು. ನೋವೂ ಆಗಲಿಲ್ಲ.

ಆಮೇಲೆ ಮೂರು ವಾರ ಅವನೊಂದಿಗೆ ಮಾತಿಲ್ಲ, ಕೆಲಸದ ವಿಷಯಕ್ಕೂ ಬರೀ ಚೀಟಿ. ಪಾಪ, ಟೇಪ್ ಡಾಕ್ಟರ್‌ಗೆ ತಲೆಬುಡ ಗೊತ್ತಾಗಲಿಲ್ಲ. ಕಿರುಗುಟ್ಟುತ್ತಿದ್ದ ಅವಳ ಕುರ್ಚಿಗೆ ಎಣ್ಣೆ ಬಿಟ್ಟ. ಅವಳ ಮೇಜಿನ ದೀಪದ ಬಲ್ಬು ಬದಲಿಸಿದ. ಅವನಿಗೆ ಅವಳೆಂದರೆ ಇಷ್ಟ, ಅಷ್ಟೇ. ಹೇಳಲು ಬಾಯಿ ಬರಬೇಕಲ್ಲ!

ಒಂದು ಮಧ್ಯಾಹ್ನ ಅವನೇ ಕರೆದ. "ಬನ್ನಿ ಸ್ವಲ್ಪ. ನಾನೊಂದು ಎಡವಟ್ಟು ಮಾಡಿದೀನಿ."

ಆ ಕಪ್ತಾನನ ಕಂತಿನ ಮೂಲ ಟೇಪು ಸಿಕ್ಕಿತ್ತು. ಮರುಪ್ರಸಾರಕ್ಕೆ ಜಾಹೀರಾತು ತುರುಕಲು ಯಾರೋ ಎರಡು ನಿಮಿಷ ಕತ್ತರಿಸಿದ್ದರು. ಅವನು ಚಿಕ್ಕಂದಿನಿಂದ ನೋಡಿದ್ದು, ಬೈದಿದ್ದು ಆ ಕತ್ತರಿಸಿದ ಕಪ್ತಾನನನ್ನು.

ಅವನು ಮೂಲ ಟೇಪು ಓಡಿಸಿದ. ಪರದೆಯ ಮೇಲೆ ಬಾಗಿಲು ಮುಚ್ಚಿತು. ಕಪ್ತಾನ ಅದಕ್ಕೊರಗಿ ನೆಲದ ಮೇಲೆ ಕುಳಿತ. ಒಳಗಿನಿಂದ ಬಡಿಯುವ ಸದ್ದು ನಿಲ್ಲುವವರೆಗೂ ಬಾಗಿಲ ಮೇಲಿಂದ ಅಂಗೈ ತೆಗೆಯಲಿಲ್ಲ. ಯಾರೋ ಅವನ ಕೈಗೆ ಕಾಫಿ ಲೋಟ ಕೊಟ್ಟರು. ಕುಡಿದ.

"ಇಲ್ಲಿ ಮಾತೇ ಇಲ್ಲ. ಅಡಿಬರಹ ಏನು ಹಾಕ್ತೀರಿ?"

"ಬಿಸಿ ಇತ್ತೋ, ತಣ್ಣಗಿತ್ತೋ... ಗೊತ್ತಾಗ್ಲಿಲ್ಲ" ಎಂದಳು ಅವಳು.

"ಯಾರಿಗೆ?"

"ನನಗೆ. ಅಮ್ಮನ ಯಂತ್ರ ನಿಲ್ಲಿಸೋಕೆ ಸಹಿ ಹಾಕಿ ಕುಡಿದೆನಲ್ಲ, ಆ ಕಾಫಿ."

ಅವನ ಮುಖ ಕಳೆಗುಂದಿತು. "ಆವತ್ತು ನಾನು..."

"ಹೂಂ." ಒಂದು ಹನಿ ಕೀಲಿಗಳ ಮೇಲೆ ಬಿತ್ತು. ತನ್ನದೇ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಬೇಕಾಯಿತು. "ಈಗಲೂ ಕೊಲೆಗಾರ ಅಂತೀರಾ?"

"ಅವನು ಮಾಡಿದ್ದು ಸರಿನಾ, ತಪ್ಪಾ, ನಂಗೊತ್ತಿಲ್ಲ. ಆದ್ರೆ ಆ ಬಾಗಿಲ ಹತ್ರ ಒಬ್ಬನೇ ಕೂರಬಾರದಿತ್ತು. ನೀವೂ ಅಷ್ಟೇ." ಟೇಪು ನಿಲ್ಲಿಸಿದ. "ನೀವಂದ್ರೆ ನಂಗೆ ತುಂಬಾ ಇಷ್ಟ. ಪಕ್ಕದಲ್ಲಿ ಕೂತ್ಕೊಳ್ಳಲಾ?"

ಅವಳು ಕಾಲಿನಿಂದ ಕುರ್ಚಿಯೊಂದನ್ನು ಅವನತ್ತ ತಳ್ಳಿದಳು.

"ಕೂತ್ಕೊಳ್ಳಿ. ಬೇಗ ಏಳಬೇಡಿ."