ಆಮೆ ಕಟ್ಟಿದ ಗೋಡೆ

"ಅಲುಗಾಡ್ಬೇಡಿ. ನನ್ನ ಕಣ್ಣನ್ನೇ ನೋಡಿ."

ಕನ್ನಡಕದಂಗಡಿಗೆ ಬಂದವರಿಗೆಲ್ಲ ಅವಳು ಹೇಳುವ ಮಾತದು. ಎದುರು ಕೂತವನ ಮೂಗಿನ ಮೇಲೆ ಪುಟ್ಟ ಅಳತೆಪಟ್ಟಿ ಇಟ್ಟು, ಕಣ್ಣುಪಾಪೆಗಳ ನಡುವಿನ ದೂರ ಅಳೆಯತೊಡಗಿದಳು.

ನಿದ್ದೆಗೆಟ್ಟಿದ್ದನೋ, ಅತ್ತಿದ್ದನೋ... ಕಣ್ಣು ಕೆಂಪಾಗಿತ್ತು.

"ತಡೀರಿ... ತಡೀರಿ, ಒಂದ್ನಿಮಿಷ," ಎಂದು ಅವನು ಕಣ್ಣೊರೆಸಿಕೊಂಡ.

ಅವಳು ಅಳತೆಪಟ್ಟಿಯನ್ನು ಕೆಳಗಿಟ್ಟಳು.

ಆ ಧ್ವನಿ! ಎಷ್ಟೋ ಸಂಜೆ ಹೆಡ್‌ಫೋನಿನಲ್ಲಿ ಕೇಳಿದ ಧ್ವನಿ. "ತಡೀರಿ ಕಿಡಿ, ನಾನಿದ್ದೀನಿ" ಎನ್ನುತ್ತಿದ್ದ ಧ್ವನಿ. ಕೊನೆಗೊಂದು ಸಂಜೆ ಏನೂ ಹೇಳದೆ ಎದ್ದುಹೋದ ಧ್ವನಿ...

"ನೀವು... ಆಮೆ ಅಲ್ವಾ?"

ಅವನು ಬೆಚ್ಚಿಬಿದ್ದ. "ಕಿಡಿ?"

'ಕೊನೆಯ ಕಕ್ಷೆ' ಎಂಬ ಕಂಪ್ಯೂಟರ್ ಆಟದಲ್ಲಿ ಅವರಿಬ್ಬರೂ ಮಿತ್ರರು. ಗಾಳಿಯಿಲ್ಲದ ಯಾವುದೋ ಗ್ರಹದಲ್ಲಿ ಅದಿರು ಅಗೆದು, ನೆಲೆ ಕಟ್ಟಿ, ಸೇನೆ ಬೆಳೆಸಿ, ಯಂತ್ರಗಳ ದಂಡನ್ನು ಎದುರಿಸಬೇಕು. ಸರದಿಗೆ ಕಾಯುವ ಆಟವಲ್ಲ ಅದು. ನೀವು ಯೋಚಿಸುತ್ತ ಕೂತರೂ ಶತ್ರು ಬರುತ್ತಲೇ ಇರುತ್ತಾನೆ. ಮುನ್ನುಗ್ಗುವ ಅವಳು ಕಿಡಿ. ಸದಾ ಗೋಡೆ ಕಟ್ಟುತ್ತ ಕೂರುವ ಅವನು ಆಮೆ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಿಜವಾದ ಹೆಸರೂ ಕೇಳಿರಲಿಲ್ಲ.

"ಆ ಕಂಪ್ಯೂಟರ್ ಜೊತೆನೇ ಸಂಸಾರ ಹೂಡ್ಬಿಡು!" ಎಂದು ಅಮ್ಮ ಗೊಣಗುತ್ತಿದ್ದರು. ಒಂದು ಮಾತೂ ಹೇಳದೆ ಗಂಡ ಬಿಟ್ಟುಹೋದ ಮೇಲೆ ತವರಿಗೆ ಮರಳಿದ್ದ ಮಗಳು, ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ ಎಂಬುದು ಅಮ್ಮನಿಗೂ ಗೊತ್ತಿತ್ತು.

"ನನ್ನ ನೆಲೆ ಹೊತ್ತಿ ಉರೀತಿತ್ತು. ನಿಮ್ಮ ಸೇನೆ ಪಕ್ಕದಲ್ಲೇ ಗೊಂಬೆ ಥರ ನಿಂತಿತ್ತು! ಎಷ್ಟು ಕೂಗ್ದೆ... ಹೋಗ್ತೀನಿ ಅಂತ ಒಂದು ಮಾತು ಹೇಳೋಕೆ ಬಾಯಿಗೇನಾಗಿತ್ತು ರೀ?" ಎಂದು ಅವಳು ರೇಗಿದಳು.

"ನೀವು ಬರೆದಿದ್ದು ಓದಿದೆ," ಎಂದ ಅವನು ಮೆಲ್ಲಗೆ.

ಸೋತ ಆ ಸಂಜೆಯ ಸಿಟ್ಟಿನಲ್ಲೇ ಅವಳು ಆಟದ ಪುಟದಲ್ಲಿ ತನ್ನ ಅಭಿಪ್ರಾಯ ಗೀಚಿದ್ದಳು: 'ಚಿತ್ರ ಚಂದ, ಸಂಗೀತ ಚಂದ, ಆ ಗ್ರಹದಲ್ಲಿ ಸೂರ್ಯ ಮುಳುಗುವುದಂತೂ ಎಷ್ಟು ನೋಡಿದರೂ ಸಾಲದು. ಆದರೆ ಇಲ್ಲಿ ಮಿತ್ರ ಅನ್ನುವುದು ತೆರೆಯ ಮೇಲಿನ ಬರೀ ಹಸಿರು ಬಣ್ಣ. ಪಕ್ಕದಲ್ಲಿ ಹಸಿರಾಗಿ ನಿಂತವರು ಯಾವಾಗ ಬೇಕಾದರೂ ಎದ್ದು ಹೋಗುತ್ತಾರೆ. ಯಾರನ್ನೂ ನಂಬಿ ಆಡಬೇಡಿ.'

"ನಾನು ಬಿಟ್ಟು ಹೋಗ್ಲಿಲ್ಲ ಕಿಡಿ. ಎಲ್ಲಾನೂ ನಿಮ್ಮ ಕೈಗೆ ಕೊಟ್ಟೇ ಎದ್ದೆ."

ಅವನು ಜೇಬಿನಿಂದ ದಪ್ಪನೆಯ ಕಪ್ಪು ಫ್ರೇಮೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇದು ಅಪ್ಪಂದು. ಇದಕ್ಕೆ ನನ್ನ ಪವರಿನ ಗಾಜು ಹಾಕ್ಕೊಡಿ."

"ಮತ್ತೆ ಅವ್ರಿಗೆ?" ಎಂದಳು ಬಿಗುವಾಗಿಯೇ.

"ಅಪ್ಪ ಇಲ್ಲ."

ಅಷ್ಟೇ. ಗಾಜಿನ ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.

ಎಲ್ಲಾನೂ ನಿಮ್ಮ ಕೈಗೆ ಕೊಟ್ಟೇ ಎದ್ದೆ... ಏನು ಹಾಗಂದ್ರೆ?

ಮನೆಗೆ ಬಂದವಳೇ ಚಪ್ಪಲಿ ಕಳಚಿ ಕಂಪ್ಯೂಟರ್ ಮುಂದೆ ಕೂತಳು. ಆಡಿದ ಪ್ರತಿ ಯುದ್ಧವನ್ನೂ ಆ ಆಟ ಹಿಡಿದಿಟ್ಟಿರುತ್ತದೆ. ಮಿತ್ರನ ಕಡೆಯಿಂದಲೂ ಮತ್ತೆ ನೋಡಬಹುದು. ತನ್ನ ಸೋಲನ್ನೇ ಮತ್ತೆ ನೋಡುವ ಮನಸ್ಸು ಅವಳಿಗೆ ಈವರೆಗೆ ಬಂದಿರಲಿಲ್ಲ.

ಇಂದು ಅವನ ಕಡೆಯಿಂದ ನೋಡಿದಳು.

ಮೊದಲು ಕಂಡದ್ದು ಗೋಡೆ. ಅವನು ಅಗೆದ ಅದಿರೆಲ್ಲ ಅವಳ ನೆಲೆಯ ಸುತ್ತ ಗೋಡೆಯಾಗಿ ಏಳುತ್ತಿತ್ತು. ಅವನ ನೆಲೆಗೆ ಒಂದು ಬೇಲಿಯೂ ಇಲ್ಲ! ಮುನ್ನುಗ್ಗುವ ಭರದಲ್ಲಿ ತಾನು ಹಿಂತಿರುಗಿ ನೋಡಿರಲೇ ಇಲ್ಲ. 'ಜಿಪುಣ, ಅದಿರು ಎಲ್ಲಿ ಬಚ್ಚಿಡ್ತೀರಿ?' ಎಂದು ತಾನು ರೇಗಿಸಿದ್ದು ನೆನಪಾಯಿತು. ಅವನು ಸುಮ್ಮನೆ ನಕ್ಕಿದ್ದ.

ಆಮೇಲೆ, ಅವನು ಎದ್ದುಹೋದ ಕ್ಷಣವನ್ನು ತನ್ನ ಕಡೆಯಿಂದಲೂ ನೋಡಿದಳು. ತೆರೆಯ ಮೂಲೆಯಲ್ಲಿ ಒಂದು ಸಣ್ಣ ಸಾಲು:

'ಮಿತ್ರನ ಸೇನೆ ಈಗ ನಿಮ್ಮ ಆಜ್ಞೆಯಲ್ಲಿದೆ.'

ಬೆಂಕಿಯನ್ನೇ ನೋಡುತ್ತಿದ್ದ ಕಣ್ಣು ಅಂದು ಮೂಲೆಗೆ ಹೋಗಿರಲಿಲ್ಲ. ಗೊಂಬೆಗಳಂತೆ ನಿಂತಿದ್ದ ಆ ಸೇನೆ ಕಾಯುತ್ತಿದ್ದುದು ಅವಳ ಒಂದು ಮಾತಿಗೆ! ಅವಳು ಅದನ್ನು ಮುಟ್ಟದೆಯೇ ಸೋಲೊಪ್ಪಿಕೊಂಡಿದ್ದಳು.

"ಯಾಕೇ ಅಳ್ತಿದ್ದೀಯ? ಸೋತ್ಯಾ?" ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಹೂಂ ಅಮ್ಮ... ಅವತ್ತೇ ಸೋತಿದ್ದೆ. ಈಗ ಗೊತ್ತಾಯ್ತು."

ಕನ್ನಡಕ ಒಯ್ಯಲು ಅವನು ಬಂದ ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳೇ ಅದನ್ನು ಅವನ ಮುಖಕ್ಕೆ ಏರಿಸಿ, ಕಿವಿಯ ಹಿಂದೆ ಸರಿಪಡಿಸಿದಳು.

"ನಿಮ್ಮ ಮುಖ ಸಣ್ಣದು, ಸ್ವಲ್ಪ ಬಗ್ಗಿಸಿದ್ದೀನಿ. ಕಡ್ಡಿ ತುದೀಲಿ ನಿಮ್ಮಪ್ಪ ಕಚ್ಚಿದ ಗುರುತಿದೆ... ಅದನ್ನ ಹಾಗೇ ಬಿಟ್ಟಿದ್ದೀನಿ."

ಅವನ ಬೆರಳು ತಡವಿ ತಡವಿ ಆ ಗುರುತನ್ನು ಹುಡುಕಿತು. ಸಿಕ್ಕಿದ್ದೇ ತಡ, ಅಲ್ಲೇ ನಿಂತಿತು.

"ಪಕ್ಕದ ರೂಮಲ್ಲಿ ಅಪ್ಪ ಬಿದ್ದ ಸದ್ದು ಕೇಳಿಸ್ತು ಕಿಡಿ. ಆದ್ರೂ ಮೊದ್ಲು ಸೇನೆ ನಿಮಗೆ ಒಪ್ಪಿಸೋ ಗುಂಡಿ ಒತ್ತಿದೆ, ಆಮೇಲೆ ಎದ್ದೆ. ಅದ್ರಿಂದ ಏನೂ ವ್ಯತ್ಯಾಸ ಆಗಿಲ್ಲ ಅಂದ್ರು ಡಾಕ್ಟ್ರು. ಆದ್ರೆ ಆ ಒಂದು ಕ್ಷಣ... ಅದು ಅಪ್ಪಂದಾಗ್ಬೇಕಿತ್ತು ಅಲ್ವಾ?"

ಅವಳಿಗೆ ಈಗ ಅರ್ಥವಾಯಿತು. ಜೀವನವಿಡೀ ಕೊರೆಯುವ ಕ್ಷಣವೊಂದನ್ನು ಅವನು ತನಗೆ ಕೊಟ್ಟಿದ್ದ. ತಾನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ!

"ಅದನ್ನ ವಾಪಸ್ ಕೊಡೋಕೆ ನನ್ನಿಂದಾಗಲ್ಲ. ಆದ್ರೆ ಒಬ್ರೇ ಹೊರಬೇಡಿ... ಅದ್ರಲ್ಲಿ ನನ್ನ ಪಾಲೂ ಇದೆ."

ಅವನು ತಲೆ ಎತ್ತಿದ.

"ನೀವು ಬಂದ್ಹೋದ ರಾತ್ರಿನೇ ಆ ಯುದ್ಧನ ಮತ್ತೆ ನೋಡ್ದೆ. ಮರುದಿನವೇ ಪುಟದಲ್ಲಿ ಬರೆದಿದ್ದನ್ನ ಅಳಿಸ್ದೆ. ಆಟದಲ್ಲಿ ತಪ್ಪಿಲ್ಲ, ನೋಡದೆ ಸೋಲೊಪ್ಪಿಕೊಂಡ ನನ್ನದೇ ತಪ್ಪು ಅಂತ ಬರ್ದೆ. ಮೂಲೇಲಿರೋ ಅಕ್ಷರ ಮಾತ್ರ ಇನ್ನೂ ದಪ್ಪ ಇರ್ಬೇಕಿತ್ತು ಅಂತಾನೂ ಬರ್ದೆ."

"ಕನ್ನಡಕದಂಗಡಿಯವ್ರೇ ಹೀಗಂದ್ರೆ!"

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವಳು ಅಳತೆಪಟ್ಟಿಯನ್ನು ತಿರುಗಿಸುತ್ತ ಹೇಳಿದಳು: "ಅಷ್ಟೊಂದು ಯಾಕೆ ಉರಿದೆ ಗೊತ್ತಾ? ದಿನಾ ಸಂಜೆ ಕಾಯ್ತಿದ್ದೆ... ಆಟಕ್ಕಲ್ಲ, ನಿಮಗೆ."

"ನಾನ್ಯಾಕೆ ಗೋಡೆ ಕಟ್ತಿದ್ದೆ ಅಂದ್ಕೊಂಡ್ರಿ?" ಎಂದ ಅವನು. "ಆದ್ರೆ ಇನ್ನು ಆ ಆಟ ನನ್ನಿಂದಾಗಲ್ಲ ಕಿಡಿ. ಹೆಡ್‌ಫೋನ್ ಹಾಕ್ಕೊಂಡ್ರೆ ಆ ಸದ್ದೇ ಕೇಳ್ಸುತ್ತೆ."

"ಬೇಡ ಬಿಡಿ. ಅಂಗಡಿ ಮುಚ್ಚೋ ಹೊತ್ತಿಗೆ ಬನ್ನಿ, ನಡ್ಕೊಂಡು ಹೋಗೋಣ."

"ಈಗೀಗ ನನ್ನ ಹೆಜ್ಜೆ ತುಂಬಾ ನಿಧಾನ..."

"ನಿಧಾನವಾಗೇ ಬನ್ನಿ ಆಮೆಯವ್ರೇ," ಎಂದಳು ಅವಳು. "ನಾನಿದ್ದೀನಿ."